ಹನ್ನೊಂದು ಚೌಕ

ಸೀಟಿ ಮೇಷ್ಟ್ರಿಗೆ ಅಂದು ಬೆಳಗಿನಿಂದಲೇ ಕೋಪ ಮೂಗಿನ ತುದಿಯಲ್ಲಿತ್ತು. ಭಾನುವಾರ ದೇಶದ ತಂಡಕ್ಕೆ ಆಯ್ಕೆ ಓಟ, ಅಂದು ಆಗಲೇ ಗುರುವಾರ. ಇಂಥ ಹೊತ್ತಿನಲ್ಲಿ ಕ್ರೀಡಾಶಾಲೆಯ ಊಟದ ಕೋಣೆಯ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ನಡುವೆ ಹಸಿರು ಪರದೆ ಕಟ್ಟಿ, ಮಕ್ಕಳನ್ನು ಒಬ್ಬೊಬ್ಬರಾಗಿ ಮಲಗಿಸಿ ಎದೆಗೆ ತಂತಿ ಅಂಟಿಸುವ ಕೆಲಸ ಇಟ್ಟುಕೊಂಡಿದ್ದರು. "ಓಡೋ ಮಕ್ಕಳನ್ನ ಮಲಗಿಸಿ ಪರೀಕ್ಷೆ ಮಾಡ್ತಾರಂತೆ! ಹಾಡೋರಿಗೆ ಬಾಯಿ ಮುಚ್ಚಿಸಿ ಬಹುಮಾನ ಕೊಟ್ಟ ಹಾಗಾಯ್ತು" ಎಂದು ಅಡುಗೆಯವನ ಹತ್ತಿರ ಗೊಣಗಿ, ಕಾಫಿ ಅರ್ಧಕ್ಕೇ ಬಿಟ್ಟು ಮೈದಾನಕ್ಕೆ ಹೋಗಿದ್ದರು.

ಪರೀಕ್ಷೆಗೆ ಕಾರಣ ಇಲ್ಲದಿರಲಿಲ್ಲ. ಹೋದ ವರ್ಷ ಬೇರೊಂದು ಶಾಲೆಯಲ್ಲಿ ಹದಿನೇಳರ ಹುಡುಗನೊಬ್ಬ ಫುಟ್‌ಬಾಲ್ ಆಡುತ್ತಾ ಆಡುತ್ತಾ ಕುಸಿದು ಬಿದ್ದ. ಯಾರೂ ಡಿಕ್ಕಿ ಹೊಡೆದಿರಲಿಲ್ಲ, ಬಿಸಿಲಿನ ಝಳವೂ ಇರಲಿಲ್ಲ. ಮತ್ತೆ ಏಳಲಿಲ್ಲ. ಅಂದಿನಿಂದ ಇಸಿಜಿ ತೆಗೆಸದೆ ಯಾವ ಮಗುವೂ ಸ್ಪರ್ಧೆಗೆ ಇಳಿಯುವಂತಿಲ್ಲ ಎಂದು ಮೇಲಿನವರ ಆದೇಶವಾಯಿತು. ಮೇಷ್ಟ್ರು ಆ ಹುಡುಗನ ಸುದ್ದಿ ಓದಿ ಒಂದು ದಿನ ಊಟ ಬಿಟ್ಟಿದ್ದವರೇ. ಆದರೆ ತಮ್ಮ ಮಕ್ಕಳಿಗೂ ಅಂಥದ್ದು ಇರಬಹುದು ಎಂಬ ಮಾತು ಮಾತ್ರ ಅವರ ತಲೆಯೊಳಗೆ ಇಳಿಯುತ್ತಿರಲಿಲ್ಲ. ಬೆಳಗಾಗೆದ್ದು ಹತ್ತು ಸುತ್ತು ಓಡುವ ಮಗುವಿಗೆ ಎಂಥ ಹೃದ್ರೋಗ?

ಇಪ್ಪತ್ತೆರಡು ವರ್ಷದಿಂದ ಅವರು ಮಕ್ಕಳನ್ನು ಓಡಿಸುತ್ತಿದ್ದರು. ಕೊರಳಲ್ಲಿ ಸೀಟಿ ಇಲ್ಲದೆ ಅವರನ್ನು ಕಂಡವರಿಲ್ಲ, ಸ್ನಾನಕ್ಕೂ ಅದನ್ನು ಹಾಕಿಕೊಂಡೇ ಹೋಗುತ್ತಾರೆ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಪಳಗಿದ ಒಂದು ಮಗುವೂ ದೇಶದ ತಂಡದ ಬಾಗಿಲು ಮುಟ್ಟಿರಲಿಲ್ಲ. ಈ ಸಲ ಮುಟ್ಟುವ ಮಗು ಸಿಕ್ಕಿತ್ತು. ಎಂಟುನೂರು ಮೀಟರ್ ಓಡುವ ಆ ಹುಡುಗಿಯನ್ನು ಎಲ್ಲರೂ ಮಿಡತೆ ಎನ್ನುತ್ತಿದ್ದರು. ಮೈಯಲ್ಲಿ ಕಾಲು ಬಿಟ್ಟರೆ ಬೇರೇನೂ ಇಲ್ಲವೇನೋ ಎನ್ನುವ ಹಾಗಿದ್ದಳು. ಅವಳು ಮೇಷ್ಟ್ರ ಸ್ವಂತ ಅಕ್ಕನ ಹಿರಿಮಗಳು. ಮನೆಯಲ್ಲಿ 'ಮಾವ', ಮೈದಾನದಲ್ಲಿ 'ಸರ್'. ಮರೆತು ಮೈದಾನದಲ್ಲಿ ಮಾವ ಎಂದರೆ ಎರಡು ಸುತ್ತು ಹೆಚ್ಚು ಓಡಬೇಕು.

ಹನ್ನೊಂದು ಗಂಟೆಯ ಹೊತ್ತಿಗೆ ಊಟದ ಕೋಣೆಯಿಂದ ಕರೆ ಬಂತು. ಇಸಿಜಿಯವರು ಎಂಟುನೂರು ಮೀಟರ್ ಹುಡುಗಿಯ ಮೇಷ್ಟ್ರನ್ನು ಕೇಳುತ್ತಿದ್ದಾರಂತೆ.

ಇಸಿಜಿಯವರು ಎಂದರೆ ದೊಡ್ಡಾಸ್ಪತ್ರೆಯಿಂದ ಬಂದಿದ್ದ ಒಬ್ಬ ಕುಳ್ಳಗಿನ ಹೆಂಗಸು. ಮಕ್ಕಳು ಅವರಿಗೆ ಅರ್ಧ ಗಂಟೆಯಲ್ಲೇ ತಂತಿಯಮ್ಮ ಎಂದು ಹೆಸರಿಟ್ಟಾಗಿತ್ತು. ಇಪ್ಪತ್ತಾರು ವರ್ಷ ಆ ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಜನರ ಎದೆಯ ಗೆರೆಗಳನ್ನು ಓದಿದವರು. ಅವರ ಕೆಲಸದ ರೀತಿಯೇ ಬೇರೆ. ಈಗಿನ ಯಂತ್ರಗಳು ಗೆರೆ ಬರೆಯುವುದಲ್ಲದೆ, ಅದರ ಅರ್ಥವನ್ನೂ ಕೆಳಗೆ ತಾವೇ ಅಚ್ಚು ಹಾಕಿ ಕೊಡುತ್ತವೆ. ಹೆಚ್ಚಿನವರು ಅಷ್ಟನ್ನು ಓದಿ ಕಾಗದ ಮಡಿಚಿಡುತ್ತಾರೆ. ತಂತಿಯಮ್ಮ ಮಾತ್ರ ಆ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ಸ್ಕೂಲು ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ಎರಡು ಮುಳ್ಳಿನ ಕೈವಾರ ತೆಗೆದು, ಕಾಗದದ ಮೇಲಿನ ಸಣ್ಣ ಚೌಕಗಳನ್ನು ತಾವೇ ಎಣಿಸುತ್ತಿದ್ದರು. ಬೆಳಗಿನಿಂದ ಅರವತ್ತು ಮಕ್ಕಳಾಗಿದ್ದವು. ಅರವತ್ತನ್ನೂ ಹಾಗೇ ಎಣಿಸಿದ್ದರು. ಇಂಥವರನ್ನು ಕಂಡರೆ ಅವಸರದವರಿಗೆ ಮೈಯೆಲ್ಲ ಉರಿಯುತ್ತದೆ. ಈ ಕಥೆ ಹೇಳುವ ನನಗಂತೂ ಕೈ ಮುಗಿಯಬೇಕೆನಿಸುತ್ತದೆ.

"ಕೂತ್ಕೊಳ್ಳಿ ಮೇಷ್ಟ್ರೇ. ಈ ಹುಡುಗಿ ಭಾನುವಾರ ಓಡೋ ಹಾಗಿಲ್ಲ. ನಾಳೆ ಹೃದಯದ ಡಾಕ್ಟರಿಗೆ ತೋರಿಸ್ಬೇಕು, ನಾನೇ ಹೇಳಿಟ್ಟಿರ್ತೀನಿ."

ಮೇಷ್ಟ್ರು ಕೂರಲಿಲ್ಲ. ಕಾಗದ ಕಿತ್ತುಕೊಂಡವರಂತೆ ತೆಗೆದುಕೊಂಡು ನೋಡಿದರು. ಮೇಲೆ ಮಿಡತೆಯ ಹೆಸರು, ಎದೆಯ ನಂಬರು. ಕೆಳಗೆ ಯಂತ್ರ ಎಲ್ಲಾ ಸರಿಯಿದೆ ಎಂದು ಅಚ್ಚು ಹಾಕಿತ್ತು. "ಏನ್ ಮೇಡಂ, ಮಿಷಿನ್ನೇ ಚೆನ್ನಾಗಿದೆ ಅಂತ ಬರೆದಿದೆಯಲ್ಲ!"

"ಮಿಷಿನ್ ಬರೆಯುತ್ತೆ. ಓದೋದು ನಾನು" ಎಂದರು ತಂತಿಯಮ್ಮ. ಕೈವಾರದ ಮುಳ್ಳುಗಳನ್ನು ಕಾಗದದ ಮೇಲಿಟ್ಟು ತೋರಿಸಿದರು. "ಹೃದಯ ಒಂದು ಸಲ ಬಡಿದ ಮೇಲೆ ಇನ್ನೊಂದು ಸಲ ಬಡಿಯೋಕೆ ಅಣಿ ಆಗ್ಬೇಕು. ಅದಕ್ಕೆ ಹಿಡಿಯೋ ಹೊತ್ತು ಇಲ್ಲಿಂದ ಇಲ್ಲೀತನಕ. ಈ ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ ಹದಿನೆಂಟು ಚೌಕ ಇದೆ. ಅದರರ್ಧ ಒಂಬತ್ತು. ಅಷ್ಟರೊಳಗೆ ಮುಗೀಬೇಕು. ಇವಳದ್ದು ಹನ್ನೊಂದು. ಈ ಗೆರೆ ಕೊನೇಲಿ ತುಂಬಾ ಚಪ್ಪಟೆ ಆಗಿದೆ, ಅದಕ್ಕೇ ಮಿಷಿನ್‌ಗೆ ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗಿಲ್ಲ. ಇಂಥ ಹೃದಯ ನೋಡೋಕೆ ಚೆನ್ನಾಗೇ ಇರುತ್ತೆ. ಜೋರಾಗಿ ಓಡುವಾಗ, ಗಾಬರಿ ಬಿದ್ದಾಗ, ತಾಳ ತಪ್ಪಿಬಿಡಬಹುದು. ತಪ್ಪಿದ್ದು ತಾನಾಗೇ ಸರಿಹೋದ್ರೆ ಬರೀ ತಲೆಸುತ್ತು. ಹೋಗದಿದ್ರೆ, ಹೋದ ವರ್ಷದ ಹುಡುಗ."

"ಎರಡು ಚೌಕ!" ಮೇಷ್ಟ್ರ ದನಿ ಪರದೆಯಾಚೆಗೂ ಹೋಯಿತು. "ಇರುವೆ ಕಾಲಿಡೋಕೂ ಜಾಗ ಇಲ್ಲ ಅದ್ರಲ್ಲಿ. ಅದಕ್ಕೋಸ್ಕರ ಆರು ವರ್ಷದ ಬೆವರು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಗ್ಬೇಕಾ?"

ಬೈಯಿಸಿಕೊಂಡು ಅಭ್ಯಾಸವಿದ್ದ ತಂತಿಯಮ್ಮನಿಗೆ ಸಿಟ್ಟು ಬರಲಿಲ್ಲ. ಮೇಷ್ಟ್ರ ಉಸಿರು ಸ್ವಲ್ಪ ಇಳಿಯುವವರೆಗೂ ಕಾದು, ಮೆಲ್ಲಗೆ ಕೇಳಿದರು: "ನಿಮ್ಮ ಹುಡುಗಿ ನಾಡಿ ಬೆಳಗ್ಗೆ ಎದ್ದಾಗ ಎಷ್ಟಿರುತ್ತೆ?"

ಅದೊಂದು ಮಾತ್ರ ನಡುರಾತ್ರಿ ಎಬ್ಬಿಸಿ ಕೇಳಿದರೂ ಮೇಷ್ಟ್ರಿಗೆ ಬಾಯಿಪಾಠ. ಮಕ್ಕಳು ಹಾಸಿಗೆಯಿಂದ ಇಳಿಯುವ ಮೊದಲು ತಮ್ಮ ನಾಡಿ ತಾವೇ ಎಣಿಸಿ ಹೇಳಬೇಕು, ಅವರು ಬರೆದುಕೊಳ್ಳಬೇಕು. ಇದು ಅವರ ಶಾಲೆಯ ನೇಮ. "ನಲವತ್ತಾರು. ನಿನ್ನೆ ನಲವತ್ತೈದು."

"ಇಲ್ಲಿ ಎಂಬತ್ತನಾಲ್ಕಿದೆ."

"ಹೆದರಿರ್ತಾಳೆ."

"ನಾನೂ ಹಾಗೇ ಅಂದ್ಕೊಂಡೆ. ಹತ್ತು ನಿಮಿಷ ಸುಮ್ನೆ ಮಲಗಿಸಿ ಮೂರು ಸಲ ತೆಗೆದೆ. ಇಳೀಲೇ ಇಲ್ಲ. ಅಷ್ಟು ಪಳಗಿರೋ ಹೃದಯ ಹತ್ತು ನಿಮಿಷಕ್ಕಾದ್ರೂ ತನ್ನ ಮನೆಗೆ ವಾಪಸ್ ಬರ್ಬೇಕಲ್ವಾ?" ತಂತಿಯಮ್ಮ ಕನ್ನಡಕ ತೆಗೆದರು. "ಆಮೇಲೆ ಕಾಲಿಗೆ ಕ್ಲಿಪ್ ಹಾಕುವಾಗ ಪಾದ ನೋಡಿದೆ. ಬೆಳಗ್ಗೆಯಿಂದ ಅರವತ್ತು ಜೊತೆ ಪಾದ ಮುಟ್ಟಿದ್ದೀನಿ ಮೇಷ್ಟ್ರೇ. ಉಗುರು ಕಪ್ಪಾಗಿಲ್ಲದ, ಹಿಮ್ಮಡಿ ಒರಟಾಗಿಲ್ಲದ ಪಾದ ಒಂದೂ ಇರ್ಲಿಲ್ಲ. ಇವಳದ್ದು ಮಾತ್ರ ಬೆಣ್ಣೆ. ನನ್ನ ಮುಂದೆ ಮಲಗಿದ್ದು ನಿಮ್ಮ ಓಟಗಾರ್ತಿ ಅಲ್ಲ."

ಮೇಷ್ಟ್ರು ಹೊರಗೆ ಹೋಗಿ ಸೀಟಿ ಊದಿದರು. ಎರಡು ಗಿಡ್ಡ, ಒಂದು ಉದ್ದ. ಅದು ಮಿಡತೆಯ ಕರೆ. ಬಂದವಳಿಗೆ ಶೂ ಬಿಚ್ಚು ಎಂದರು. ಎಡಗಾಲಿನ ಹೆಬ್ಬೆರಳ ಉಗುರು ಇದ್ದಿಲಿನ ಹಾಗಿತ್ತು. ತಂತಿಯಮ್ಮ ಆ ಪಾದ ನೋಡಿ, "ಹ್ಞಾಂ, ಇದು" ಎಂದರು ಅಷ್ಟೆ. ಅಷ್ಟಕ್ಕೇ ಹುಡುಗಿ ಗಳಗಳ ಅಳತೊಡಗಿದಳು.

ನಡೆದದ್ದು ಇಷ್ಟು. ಹೋದ ವರ್ಷ ಬೇಸಿಗೆಯ ತರಬೇತಿ ಶಿಬಿರದಲ್ಲಿ ಇವಳ ಗೆಳತಿಯೊಬ್ಬಳ ಇಸಿಜಿಯಲ್ಲಿ ನಾಡಿ ನಿಧಾನವಿದೆ ಎಂದು ಯಂತ್ರ ದಪ್ಪಕ್ಷರದಲ್ಲಿ ಬರೆದುಬಿಟ್ಟಿತ್ತು. ಓದಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆ ಹುಡುಗಿಯನ್ನು ಮನೆಗೆ ಕಳಿಸಿದರು, ಏನೂ ಇಲ್ಲ ಎಂದು ತಿಳಿಯುವ ಹೊತ್ತಿಗೆ ವರ್ಷವೇ ಕಳೆದಿತ್ತು. ಅವಳ ನಾಡಿ ಐವತ್ತು. ತನ್ನದು ನಲವತ್ತಾರು! ಮಿಡತೆ ವಾರದಿಂದ ನಿದ್ದೆಗೆಟ್ಟು ಒಂದು ಉಪಾಯ ಹೂಡಿದಳು. ತನ್ನ ಹಾಗೇ ಕಾಣುವ, ಓಡದ, ಆದ್ದರಿಂದ ನಾಡಿ 'ಸರಿಯಾಗಿರುವ' ಒಬ್ಬಳನ್ನು ತನ್ನ ಟ್ರ್ಯಾಕ್ ಸೂಟು ತೊಡಿಸಿ ಪರದೆಯೊಳಗೆ ಕಳಿಸಿದಳು. ಮುಖ ನೋಡಿ ಆರಿಸಿದಳೇ ಹೊರತು, ಇಲ್ಲಿ ಮುಖವನ್ನು ಯಾರೂ ನೋಡುವುದಿಲ್ಲ ಎಂಬುದು ಪಾಪ ಹೊಳೆಯಲಿಲ್ಲ. ಅವಳು ಚಾಪೆ ಕೆಳಗೆ ತೂರಿದರೆ ತಂತಿಯಮ್ಮ ರಂಗೋಲಿ ಕೆಳಗೇ ತೂರಿದ್ದರು.

ಮೇಷ್ಟ್ರಿಗೆ ಬೈಯಬೇಕೆಂದೂ ತೋಚಲಿಲ್ಲ. ಹೋದ ಜೀವ ಬಂದಂತಾಗಿತ್ತು. ಹನ್ನೊಂದು ಚೌಕ ಇವಳದಲ್ಲ! ಭಾನುವಾರ ಇದೆ, ಓಟ ಇದೆ. ಅವರು ಗಟ್ಟಿಯಾಗಿ ನಕ್ಕೇಬಿಟ್ಟರು. "ನೋಡಿದ್ರಾ ಮೇಡಂ! ನಾನು ಹೇಳ್ಲಿಲ್ವಾ, ನಮ್ಮ ಹುಡುಗಿ ಕಲ್ಲುಗುಂಡು ಅಂತ!"

ತಂತಿಯಮ್ಮ ನಗಲಿಲ್ಲ.

"ಮೇಷ್ಟ್ರೇ, ಹೆಸರು ಸುಳ್ಳು. ಗೆರೆ ಸುಳ್ಳಲ್ಲ. ಆ ಮಗು ಯಾರು?"

ಮಿಡತೆ ಮೂಗು ಒರೆಸಿಕೊಂಡು, "ಪುಟ್ಟಿ" ಎಂದಳು.

ಪುಟ್ಟಿ ಅವಳ ಬೆನ್ನಿಗೆ ಹುಟ್ಟಿದ ತಂಗಿ. ಹದಿನೈದು ವರ್ಷ. ಅಮ್ಮನ ಜೊತೆ ಮನೆಯಲ್ಲಿದ್ದುಕೊಂಡು ಬೇರೆ ಶಾಲೆಗೆ ಹೋಗುತ್ತಿದ್ದಳು. ಅಂದು ಅಕ್ಕನಿಗೆ ಒಗೆದ ಬಟ್ಟೆ ಕೊಡುವ ನೆಪದಲ್ಲಿ ಬಂದಿದ್ದಳು. ಮೇಷ್ಟ್ರ ನಗು ಬಾಯಲ್ಲೇ ಉಳಿದಿತ್ತು, ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ತಾನು ಈಗಷ್ಟೇ ಸಂತೋಷಪಟ್ಟದ್ದು ಯಾವುದಕ್ಕೆ ಎಂಬುದು ಅರಿವಾಯಿತು. ಅದರ ಹಿಂದೆಯೇ ಐದು ವರ್ಷದ ಹಿಂದಿನ ಒಂದು ಬೆಳಗು ನೆನಪಾಯಿತು. ಅಕ್ಕನ ಹಾಗೆ ತಂಗಿಯೂ ಓಡಲಿ ಎಂದು ಹತ್ತು ವರ್ಷದ ಪುಟ್ಟಿಯನ್ನು ಮೈದಾನಕ್ಕೆ ಇಳಿಸಿದ್ದರು. ಎರಡನೇ ಸುತ್ತಿನಲ್ಲಿ ಅವಳು ಧೊಪ್ಪನೆ ಬಿದ್ದಳು. ಅರ್ಧ ನಿಮಿಷಕ್ಕೆ ಕಣ್ಣು ಬಿಟ್ಟಳು. ಸೋಮಾರಿತನಕ್ಕೆ ನಾಟಕ ಆಡುತ್ತಾಳೆಂದು ಇವರು ಎಬ್ಬಿಸಿ ಮತ್ತೆ ಓಡಿಸಿದರು. ಮತ್ತೆ ಬಿದ್ದಳು. "ನೀನು ನಾಟಕದ ಕಂಪನಿ ಸೇರು ಹೋಗು" ಎಂದು ಮನೆಗೆ ಕಳಿಸಿದ್ದರು. ಅಂದಿನಿಂದ ಮನೆಯಲ್ಲಿ ಅವಳಿಗೆ 'ನಾಟಕ ಕಂಪನಿ' ಎಂದೇ ಹೆಸರು. ಹೆಸರಿಟ್ಟವರು ಇವರೇ.

"ಎಲ್ಲಿದ್ದಾಳೆ?"

"ಮೇಡಂ ಕೂತಿರು ಅಂದ್ರೂ ಕೇಳದೆ ಹನ್ನೊಂದೂವರೆ ಬಸ್ಸಿಗೆ ಹೋದ್ಳು ಸರ್. ಈಗಷ್ಟೇ."

ಕಿಟಕಿಯಿಂದ ನೋಡಿದರೆ ದೊಡ್ಡ ಗೇಟಿನಾಚೆ, ರಸ್ತೆಯ ಅಂಚಿನಲ್ಲಿ, ಪುಟ್ಟಿ ಚೀಲ ಬೀಸುತ್ತಾ ನಡೆಯುತ್ತಿದ್ದಳು. ಬಸ್ ನಿಲ್ದಾಣ ಇನ್ನೂ ಒಂದು ಕೂಗಳತೆ ದೂರವಿತ್ತು. ತಿರುವಿನಲ್ಲಿ ಬಸ್ಸಿನ ಮೂತಿ ಕಾಣಿಸಿತು. ಮೇಷ್ಟ್ರ ಕೈ ತಾನಾಗಿ ಸೀಟಿಗೆ ಹೋಯಿತು.

ತಂತಿಯಮ್ಮ ಆ ಕೈಯನ್ನು ಹಿಡಿದುಬಿಟ್ಟರು. "ಬೇಡ. ಸೀಟಿ ಬೇಡ, ಕೂಗೋದೂ ಬೇಡ. ಬೆಚ್ಚಿ ಬೀಳಿಸ್ಬೇಡಿ. ಮುಖ್ಯವಾಗಿ, ಓಡೋಕೆ ಬಿಡ್ಬೇಡಿ."

ಐವತ್ತೆರಡು ವರ್ಷದ ಸೀಟಿ ಮೇಷ್ಟ್ರು ಸೀಟಿ ಬಿಟ್ಟು ಓಡಿದರು. ಮಕ್ಕಳನ್ನು ಓಡಿಸಿ ಓಡಿಸಿ ತಾವು ಓಡಿ ಯಾವ ಕಾಲವಾಗಿತ್ತೋ! ಅಡುಗೆ ಮನೆಯ ಹಿಂಬಾಗಿಲಿನಿಂದ ಹೊರಬಿದ್ದು, ಪಾತ್ರೆ ತೊಳೆಯುವ ಕಟ್ಟೆ ಹಾರಿ, ನಿಲ್ದಾಣದ ಪಕ್ಕದ ಸಣ್ಣ ಗೇಟಿನಿಂದ ನೇರ ರಸ್ತೆಗೆ ನುಗ್ಗಿದರು. ಅತ್ತ ಬಸ್ಸು ಬರುವುದನ್ನು ಕಂಡ ಪುಟ್ಟಿ ಚೀಲವನ್ನು ಎದೆಗವಚಿಕೊಂಡು ಓಡತೊಡಗಿದ್ದಳು. ಅವಳನ್ನು ತಲುಪುವಷ್ಟು ಹೊತ್ತಿರಲಿಲ್ಲ. ಕೂಗುವಂತಿರಲಿಲ್ಲ. ಮೇಷ್ಟ್ರು ಅವಳ ಕಡೆ ಹೋಗದೆ ಬಸ್ಸಿನ ಕಡೆಗೇ ಹೋದರು, ನಿಲ್ದಾಣದ ಹತ್ತಿರ ನಿಧಾನಿಸುತ್ತಿದ್ದ ಬಸ್ಸಿನ ಮೂತಿಯ ಮುಂದೆಯೇ ಎರಡು ಕೈ ಚಾಚಿ ನಿಂತರು. ಆಮೇಲೆ ಪುಟ್ಟಿಯ ಕಡೆ ತಿರುಗಿ, ಮಲಗಿದ ಕೂಸನ್ನು ತಟ್ಟುವಂತೆ ಅಂಗೈಯನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿದರು. ನಿಧಾನ, ನಿಧಾನ. ಬಸ್ಸು ಎಲ್ಲಿಗೂ ಹೋಗುವುದಿಲ್ಲ.

ಪುಟ್ಟಿ ಓಟ ನಿಲ್ಲಿಸಿದಳು. ಮಾವನಿಗೆ ತಲೆ ಕೆಟ್ಟಿತೇನೋ ಎಂದು ನೋಡುತ್ತಾ ನಡೆದು ಬಂದಳು.

"ಏನ್ ಮೇಷ್ಟ್ರೇ, ಸಾಯೋಕೆ ನನ್ನ ಬಸ್ಸೇ ಬೇಕಿತ್ತಾ?" ಡ್ರೈವರ್ ತಲೆ ಹೊರಗೆ ಹಾಕಿ ಕೂಗಿದ.

"ಇಲ್ಲಣ್ಣ, ಕ್ಷಮಿಸು. ಸಾಯೋದು ಬೇಡ ಅಂತಲೇ ನಿಲ್ಲಿಸ್ದೆ. ಹೊರಡು ಇನ್ನು" ಎಂದು ಮೇಷ್ಟ್ರು ಪಕ್ಕಕ್ಕೆ ಸರಿದು ಫುಟ್‌ಪಾತಿನ ಮೇಲೆ ಕೂತುಬಿಟ್ಟರು. ಉಸಿರು ತಿದಿಯಂತೆ ಹೊಡೆದುಕೊಳ್ಳುತ್ತಿತ್ತು.

ಕಳ್ಳತನ ಸಿಕ್ಕಿಬಿತ್ತೆಂದು ಪುಟ್ಟಿಗೆ ಗೊತ್ತಾಯಿತು. "ಅಕ್ಕನಿಗೆ ಬೈಬೇಡಿ ಮಾವ. ನಾನೇ ಹೋಗ್ತೀನಿ ಅಂದಿದ್ದು" ಎಂದಳು. ಅದು ಸುಳ್ಳೆಂದು ಇಬ್ಬರಿಗೂ ತಿಳಿದಿತ್ತು. ಇಂಥ ಮಗುವನ್ನು ನಾಟಕದವಳು ಎಂದೆನಲ್ಲಾ ಎಂದು ಮೇಷ್ಟ್ರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಪುಟ್ಟಿ, ಅವತ್ತು ಮೈದಾನದಲ್ಲಿ ಬಿದ್ದೆಯಲ್ಲ. ಆಮೇಲೆ ಯಾವತ್ತಾದ್ರೂ ಹಾಗಾಗಿತ್ತಾ?"

ಅವಳು ಚೀಲದ ದಾರ ತಿರುವಿದಳು. ಆಮೇಲೆ, "ನಾಲ್ಕು ಸಲ" ಎಂದಳು. "ಮೆಟ್ಟಿಲು ಓಡಿ ಹತ್ತಿದಾಗ ಒಂದ್ಸಲ. ಬಸ್ಸಿಗೆ ಓಡಿದಾಗ ಎರಡು ಸಲ. ಇನ್ನೊಂದು ನೆನಪಿಲ್ಲ."

"ಯಾರಿಗೂ ಯಾಕೆ ಹೇಳ್ಲಿಲ್ಲ ಕಂದಾ?"

"ಹೇಳಿದ್ರೆ ನಾಟಕ ಅಂತೀರಲ್ಲ."

ಮೇಷ್ಟ್ರು ಎದ್ದು ಅವಳ ಕೈ ಹಿಡಿದುಕೊಂಡರು. ಜೀವಮಾನವಿಡೀ 'ಬೇಗ, ಇನ್ನೂ ಬೇಗ' ಎಂದ ಮನುಷ್ಯ ಅಂದು ಆ ಇನ್ನೂರು ಹೆಜ್ಜೆಯನ್ನು ಕಾಲು ಗಂಟೆ ನಡೆದರು. ದಾರಿಯಲ್ಲಿ, "ತಪ್ಪು ನಂದು ಪುಟ್ಟಿ. ನೀನು ಬಿದ್ದಿದ್ದು ನಿಜ, ನಾನು ನೋಡಿದ್ದು ಸುಳ್ಳು" ಎಂದರು. ದೊಡ್ಡವರು ತಪ್ಪೊಪ್ಪಿಕೊಂಡರೆ ಮಕ್ಕಳಿಗೆ ಏನು ಮಾಡಬೇಕೋ ತೋಚುವುದಿಲ್ಲ. ಪುಟ್ಟಿ ಮಾವನ ಚಪ್ಪಲಿ ಕಿತ್ತುಹೋಗಿದೆ ಎಂದು ತೋರಿಸಿದಳು.

ಅಷ್ಟರಲ್ಲಿ ಮಿಡತೆಯ ಇಸಿಜಿ ನಿಜವಾಗಿ ಆಗಿತ್ತು. ಯಂತ್ರ ಅದರ ಕೆಳಗೆ, ನಾಡಿ ನಿಧಾನ, ಸರಿಯಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ತಂತಿಯಮ್ಮ ಕೈವಾರ ಇಟ್ಟು ಹನ್ನೊಂದು ಎಂದು ಎಣಿಸಿದ್ದು ಕಿವಿಗೆ ಬಿದ್ದದ್ದೇ ತಡ, ಬಾಗಿಲಲ್ಲಿದ್ದ ಮೇಷ್ಟ್ರು ಒಳಗೆ ನುಗ್ಗಿದರು. "ಇಲ್ಲೂ ಹನ್ನೊಂದಾ?"

"ಗಾಬರಿ ಬೀಳ್ಬೇಡಿ. ಇವಳ ಎರಡು ಬಡಿತದ ನಡುವೆ ಮೂವತ್ತೆರಡು ಚೌಕ ಇದೆ. ಅರ್ಧ ಅಂದ್ರೆ ಹದಿನಾರು. ಹನ್ನೊಂದಕ್ಕೆ ಕೆಲಸ ಮುಗಿಸಿ ಕೈಕಾಲು ಚಾಚಿ ಕೂತಿದೆ. ಓಡೋ ಮಕ್ಕಳ ಹೃದಯ ನಿಧಾನ ಇದ್ರೆ ಅದು ರೋಗ ಅಲ್ಲ, ಸಂಪಾದನೆ." ಯಂತ್ರದ ದಪ್ಪಕ್ಷರದ ಮೇಲೆ ಪೆನ್ನಿನಿಂದ ಗೆರೆ ಎಳೆದು ತಮ್ಮ ಸಹಿ ಹಾಕಿದರು. ಒಂದೇ ಬೆಳಗಿನಲ್ಲಿ ಯಂತ್ರ ಒಳ್ಳೆಯದೆಂದದ್ದನ್ನು ಕೆಟ್ಟದೆಂದು, ಕೆಟ್ಟದೆಂದದ್ದನ್ನು ಒಳ್ಳೆಯದೆಂದು ತಿರುವಿ ಹಾಕಿದ ಆ ಹೆಂಗಸಿನ ಮುಂದೆ ಮೇಷ್ಟ್ರಿಗೆ ತಾನು ಒಂದನೇ ತರಗತಿಯ ಹುಡುಗ ಎನಿಸಿತು.

ತಂತಿಯಮ್ಮ ಮಿಡತೆಯ ಇಸಿಜಿಗೆಂದು ತುಂಬಿಕೊಟ್ಟಿದ್ದ ಅರ್ಜಿಯ ಹಾಳೆ ಮುಂದಿಟ್ಟರು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ ಎಂಬ ಪ್ರಶ್ನೆಗೆ 'ಇಲ್ಲ' ಎಂದು ಬರೆದಿತ್ತು. ಬರೆದವರು ಮೇಷ್ಟ್ರೇ.

"ಈ ಮಕ್ಕಳ ಅಪ್ಪ?"

"ನಮ್ಮ ಭಾವ ಹನ್ನೊಂದು ವರ್ಷದ ಹಿಂದೆ ಹೋದ್ರು. ಅದು ಅಪಘಾತ. ಕೆರೇಲಿ ಮುಳುಗಿ ತೀರಿಕೊಂಡ್ರು."

"ಈಜು ಬರ್ತಿರ್ಲಿಲ್ವಾ?"

"ಬರ್ತಿರ್ಲಿಲ್ವಾ ಅಂದ್ರೆ! ಆ ಸುತ್ತಮುತ್ತ ಅವರಂಥ ಈಜುಗಾರನೇ ಇರ್ಲಿಲ್ಲ. ನನಗೆ ಈಜು ಕಲಿಸಿದ್ದೇ..." ಮೇಷ್ಟ್ರ ಮಾತು ಅಲ್ಲಿಗೇ ನಿಂತಿತು. ಹನ್ನೊಂದು ವರ್ಷ ಆ ಮನೆಯ ಯಾರೂ ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ನೀರು ಕೊಂದಿತು ಎಂದಮೇಲೆ ಮುಗಿಯಿತು, ನೀರನ್ನು ಯಾರು ವಿಚಾರಿಸುತ್ತಾರೆ?

ಮಾರನೆಯ ದಿನ ನಾಲ್ವರೂ ಹೃದಯದ ಡಾಕ್ಟರ ಕೋಣೆಯಲ್ಲಿ ಕೂತಿದ್ದರು. ಮೇಷ್ಟ್ರು, ಅವರ ಅಕ್ಕ, ಇಬ್ಬರು ಹುಡುಗಿಯರು. ತಂತಿಯಮ್ಮ ಬಾಗಿಲ ಬಳಿ ನಿಂತಿದ್ದರು, ಅದು ಅವರ ಊಟದ ಬಿಡುವು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಪುಟ್ಟಿಯ ಕಾಗದವನ್ನು ಎರಡೆರಡು ಸಲ ಅಳೆದು ನೋಡಿ, ತಂತಿಯಮ್ಮನ ಕಡೆ ತಿರುಗಿ, "ನಾನಾಗಿದ್ರೆ ಇದನ್ನ ದಾಟಿ ಹೋಗ್ತಿದ್ದೆನೋ ಏನೋ" ಎಂದರು. ದೊಡ್ಡ ಓದು ಓದಿದವರ ಬಾಯಲ್ಲಿ ಆ ಮಾತು ಬಂದದ್ದು ಮೇಷ್ಟ್ರಿಗೆ ಬಹಳ ಹಿಡಿಸಿತು.

ಪುಟ್ಟಿಗೆ ದಿನವೂ ಮಾತ್ರೆ, ಒಂದು ದಿನವೂ ತಪ್ಪಿಸುವಂತಿಲ್ಲ. ಓಟ ಬೇಡ, ನೀರಿಗೆ ಇಳಿಯುವುದು ಬೇಡ. ಇಂಥಿಂಥ ಔಷಧಿ ಮುಟ್ಟಬಾರದು ಎಂದು ಒಂದು ಪಟ್ಟಿ. "ಗೊತ್ತಿಲ್ಲದಿದ್ರೆ ಇದು ತುಂಬಾ ಅಪಾಯ. ಈಗ ಗೊತ್ತಾಗಿದೆಯಲ್ಲ, ಇನ್ನು ನಾವು ನೋಡ್ಕೋತೀವಿ. ಓದಬಹುದು, ಕೆಲಸ ಮಾಡಬಹುದು, ಮುದುಕಿ ಆಗಬಹುದು" ಎಂದು ಡಾಕ್ಟರು ಪುಟ್ಟಿಗೇ ಹೇಳಿದರು. ಮಿಡತೆಯನ್ನು ಬೆಳಗ್ಗೆಯೇ ಓಡುವ ಯಂತ್ರದ ಮೇಲೆ ಓಡಿಸಿ ನೋಡಿದ್ದರು. ಎಲ್ಲಾ ಚೆನ್ನಾಗಿತ್ತು. "ಆದ್ರೆ ಇದು ರಕ್ತದಲ್ಲಿ ಇಳಿದು ಬರೋದು. ಕೆಲವರಲ್ಲಿ ಕಾಗದಕ್ಕೆ ಕಾಣಿಸದೆಯೂ ಇರುತ್ತೆ. ರಕ್ತದ ವರದಿ ಬರೋಕೆ ಆರು ವಾರ ಬೇಕು. ಅಲ್ಲೀತನಕ ಸ್ಪರ್ಧೆಗೆ ನಾನು ಸಹಿ ಹಾಕಲ್ಲ."

ಅಂದರೆ ಭಾನುವಾರ ಇಲ್ಲ. ಇಪ್ಪತ್ತೆರಡು ವರ್ಷಕ್ಕೆ ಕೈಗೆ ಬಂದ ತುತ್ತು. ಮಿಡತೆ ತುಟಿ ಕಚ್ಚಿಕೊಂಡು ಮಾವನ ಮುಖ ನೋಡಿದಳು. ಅವರು ಸಹಿಗಾಗಿ ತಂದಿದ್ದ ಆಯ್ಕೆಯ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಹಾಕ್ಬೇಡಿ ಸಾರ್. ಹಾಕಿದ್ರೂ ನಾನು ಓಡಿಸಲ್ಲ" ಎಂದರು. ಆ ಮಾತನ್ನು ಹೇಳುವುದು ಇಷ್ಟು ಸುಲಭವೆಂದು ಅವರು ಎಣಿಸಿರಲಿಲ್ಲ.

"ಇನ್ನೊಂದು ವರ್ಷ ಹೆಚ್ಚು ಅಭ್ಯಾಸ ಆಯ್ತು ಬಿಡಿ, ಮಾವ" ಎಂದಳು ಮಿಡತೆ. ಪುಟ್ಟಿ ಮೇಜಿನ ಕೆಳಗೆ ಅಕ್ಕನ ಕೈ ಹುಡುಕಿ ಹಿಡಿದುಕೊಂಡಳು.

ಇಷ್ಟು ಹೊತ್ತೂ ಮಾತಾಡದಿದ್ದವರು ಮೇಷ್ಟ್ರ ಅಕ್ಕ ಒಬ್ಬರೇ. ಮಗಳ ಕಾಯಿಲೆ ಕೇಳಿ ಕುಸಿದುಹೋಗುತ್ತಾರೆಂದು ಮೇಷ್ಟ್ರು ರಾತ್ರಿಯೆಲ್ಲ ಹೆದರಿದ್ದರು. ಅವರು ಕುಸಿಯಲಿಲ್ಲ. ಮಾತ್ರೆ ಯಾವಾಗ, ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿ ತಿಳಿದುಕೊಂಡರು. ಎಲ್ಲರೂ ಏಳುವಾಗ ಅವರು ಮಾತ್ರ ಎದ್ದಿರಲಿಲ್ಲ.

"ಡಾಕ್ಟ್ರೇ, ಒಂದು ಕೇಳ್ಲಾ? ನಮ್ಮನೆಯೋರಿಗೂ ಇದೇ ಇತ್ತು ಅಂತೀರಾ?"

"ಅವರನ್ನ ಪರೀಕ್ಷೆ ಮಾಡದೆ ಆಣೆ ಇಟ್ಟು ಹೇಳೋಕಾಗಲ್ಲಮ್ಮ. ಆದ್ರೆ ಮಗಳಿಗೆ ಇದೆ, ಒಳ್ಳೇ ಈಜುಗಾರ ನೀರಲ್ಲಿ ಹೋಗಿದ್ದಾರೆ. ನನಗಂತೂ ಹಾಗೇ ಅನ್ಸುತ್ತೆ."

"ಹಾಗಾದ್ರೆ, ಊಟದಿಂದ ಅಲ್ವಾ?"

ಯಾರಿಗೂ ಅರ್ಥವಾಗಲಿಲ್ಲ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಮೇಜಿನ ಮೇಲೆ ಕಣ್ಣಿಟ್ಟು ಹೇಳಿದರು. "ಅವತ್ತು ಅವರು ಊಟ ಮಾಡ್ಕೊಂಡು ಈಜೋಕೆ ಹೋಗಿದ್ದು. ಸಾಕು ಸಾಕು ಅಂತ ಕೈ ಅಡ್ಡ ಹಿಡಿದ್ರು. ನಾನೇ ಬಲವಂತ ಮಾಡಿ ಇನ್ನೊಂದು ಸೌಟು ಬಡಿಸ್ದೆ. ಹೊಟ್ಟೆ ಭಾರ ಆಗಿ ಮುಳುಗಿಬಿಟ್ರು ಅಂತ... ನಾನೇ ಅಂತ..."

"ಇಲ್ಲಮ್ಮ" ಎಂದದ್ದು ಡಾಕ್ಟರಲ್ಲ, ಬಾಗಿಲ ಬಳಿಯಿಂದ ತಂತಿಯಮ್ಮ. ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತರು. "ಒಂದು ಸೌಟು ಊಟಕ್ಕೆ ಯಾರೂ ಮುಳುಗಲ್ಲ." ಡಾಕ್ಟರೂ ಹೌದೆಂದು ತಲೆಯಾಡಿಸಿದರು. ಆಗ ಅಕ್ಕ ಅತ್ತರು. ಹನ್ನೊಂದು ವರ್ಷದ್ದು ಒಟ್ಟಿಗೆ ಬಂತು, ತಂತಿಯಮ್ಮ ಬಿಡುವು ಮುಗಿದರೂ ಎದ್ದು ಹೋಗಲಿಲ್ಲ.

ಮೇಷ್ಟ್ರು ಮೂಲೆಯಲ್ಲಿ ನಿಂತು ಲೆಕ್ಕ ಹಾಕುತ್ತಿದ್ದರು. ಭಾವ ಹೋದ ಮೇಲೆ ಅಕ್ಕನ ಮನೆಯಲ್ಲಿ ಎಷ್ಟು ಸಾವಿರ ಸಲ ಉಂಡಿದ್ದೇನೆ, ಒಂದು ಸಲವಾದರೂ ಅಕ್ಕ ಇನ್ನೂ ಸ್ವಲ್ಪ ಹಾಕಲಾ ಎಂದು ಕೇಳಿದ್ದುಂಟೇ? ಬಡಿಸಿ ಪಾತ್ರೆಯನ್ನು ನಡುವೆ ಇಟ್ಟು, ಬೇಕಾದರೆ ನೀವೇ ಹಾಕಿಕೊಳ್ಳಿ ಎಂದು ಒಳಗೆ ಹೋಗಿಬಿಡುತ್ತಿದ್ದರು. ಕೈ ಬಿಗಿ ಎಂದು ಎಲ್ಲರೂ ಅಂದುಕೊಂಡಿದ್ದರು. ಇವರೂ ಅಂದುಕೊಂಡಿದ್ದರು.

ಮನೆ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ಎಲ್ಲರಿಗೂ ಹಸಿವಾಗಿತ್ತು. ಅಕ್ಕ ಇದ್ದದ್ದನ್ನೇ ಬಿಸಿ ಮಾಡಿ ಮೂವರಿಗೂ ಬಡಿಸಿದರು, ಪಾತ್ರೆ ಹಿಡಿದುಕೊಂಡೇ ಅಲ್ಲೇ ನಿಂತರು. ಪುಟ್ಟಿಯ ತಟ್ಟೆ ಮೊದಲು ಖಾಲಿಯಾಯಿತು. ಅಕ್ಕನ ಕೈ ಒಂದು ಕ್ಷಣ ಹಿಂಜರಿಯಿತು, ಆಮೇಲೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದರು. ಸಾಕಮ್ಮ ಎನ್ನಲು ಬಾಯಿ ತೆರೆದ ಪುಟ್ಟಿ ಅಮ್ಮನ ಮುಖ ನೋಡಿ ಮತ್ತೆ ಉಣ್ಣತೊಡಗಿದಳು. ಮೇಷ್ಟ್ರು ಹೊಟ್ಟೆ ತುಂಬಿದ್ದರೂ ತಮ್ಮ ತಟ್ಟೆಯನ್ನೂ ಮುಂದಕ್ಕೆ ಚಾಚಿದರು.